ಹಾಲುಹಲ್ಲಿನ ತಿರುಳನ್ನು ಅಳೆಯುವಾಗ ನಾನು ಎಡವಿದ್ದು

ಹುಳುಕು ಹಿಡಿದ ಹಾಲುಹಲ್ಲಿನ ತಪಾಸಣೆಯಲ್ಲಿ ನಾನು ಮನೆಯವರನ್ನು ಮೊದಲು ಕೇಳುವುದು, ಮಗು ರಾತ್ರಿ ನೋವಿನಿಂದ ಎದ್ದು ಅಳುತ್ತದೆಯೇ ಎಂದು. ತಣ್ಣನೆಯದೋ ಸಿಹಿಯೋ ತಾಗಿದಾಗ ಬಂದು ಕೂಡಲೇ ಅಡಗುವ ನೋವಾದರೆ, ತಿರುಳಿನ, ಅಂದರೆ ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಮೆದು ಭಾಗದ, ಉರಿಯೂತ ಇನ್ನೂ ಶಮನವಾಗಬಲ್ಲ ಹಂತದಲ್ಲಿರುವ ಸಂಭವ ಹೆಚ್ಚು. ತಾನಾಗಿ ಬರುವ ನೋವು ಆ ಹಂತ ದಾಟಿದ್ದರ ಸೂಚನೆ. ದೊಡ್ಡವರಿಗೆ ಮಾಡುವ ತಣ್ಣನೆಯ ಅಥವಾ ವಿದ್ಯುತ್ ಪರೀಕ್ಷೆಗಳನ್ನು ಇಲ್ಲಿ ನಂಬುವಂತಿಲ್ಲ. ಚಿಕ್ಕ ಮಗು ಹೆದರಿಕೆಗೂ ನೋವಿಗೂ ಒಂದೇ ರೀತಿ ಕೈ ಎತ್ತುತ್ತದೆ.

ಈ ಸೂತ್ರವನ್ನೇ ನೆಚ್ಚಿಕೊಂಡು ವೃತ್ತಿಯ ಆರಂಭದಲ್ಲಿ ಒಮ್ಮೆ ಎಡವಿದೆ. ಆರು ವರ್ಷದ ಹುಡುಗಿಗೆ ರಾತ್ರಿ ನೋವಿದೆ ಎಂದ ಮಾತ್ರಕ್ಕೆ, ಬೇರಿನವರೆಗಿನ ತಿರುಳನ್ನೆಲ್ಲ ತೆಗೆಯುವುದೆಂದು ತೀರ್ಮಾನಿಸಿ ಕೆಳದವಡೆಯ ಹಲ್ಲನ್ನು ತೆರೆದೆ. ಒಳಗಿನ ರಕ್ತ ತಿಳಿಗೆಂಪಾಗಿತ್ತು, ಹತ್ತಿಯುಂಡೆ ಒತ್ತಿದ ಸ್ವಲ್ಪ ಹೊತ್ತಿಗೇ ನಿಂತಿತು. ಬೇರಿನ ತಿರುಳು ಇನ್ನೂ ಚೆನ್ನಾಗಿದೆ ಎಂಬುದರ ಗುರುತು ಅದು. ಆಗಷ್ಟೇ ಪಕ್ಕದ ಹಲ್ಲಿನ ಕಡೆ ಸರಿಯಾಗಿ ಕಣ್ಣು ಹಾಯಿಸಿದೆ. ಎರಡು ಹಲ್ಲುಗಳ ಎದುರುಬದುರಿನ ಅಂಚು ಕುಸಿದು, ಆ ಸಂದಿನಲ್ಲಿ ದಿನಗಟ್ಟಲೆಯ ಆಹಾರ ಗಿಡಿದು, ನಡುವಿನ ವಸಡು ಕೆಂಪಾಗಿ ಊದಿಕೊಂಡಿತ್ತು. ನಿದ್ದೆ ಕೆಡಿಸಿದ್ದು ತಿರುಳಲ್ಲ, ವಸಡು. ಬೇರಿನ ತಿರುಳನ್ನು ಹಾಗೆಯೇ ಉಳಿಸಿ, ಮೇಲಿನ ಕೋಣೆಯ ತಿರುಳನ್ನಷ್ಟೇ ತೆಗೆಯುವ ಪಲ್ಪಾಟಮಿಗೆ ನಿಲ್ಲಿಸಿದೆ.

ಅಂದಿನಿಂದ ಇಂಥ ಸಂದು ಕಂಡರೆ, ಮೆತ್ತಗಿನ ಹುಳುಕನ್ನು ತೆಗೆದು ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟು ತುಂಬಿ, ಕೆಲವು ವಾರ ಕಳೆದು ಬರಹೇಳುತ್ತೇನೆ. ನೋವು ಪೂರ್ತಿ ಹೋಗಿದ್ದರೆ ತಿರುಳಿಗೆ ಕೈ ಹಚ್ಚುವ ಅವಸರವಿಲ್ಲ. ಎಕ್ಸ್-ರೇ ನೋಡದೆ ಮಾತ್ರ ಹೀಗೆ ಕಾಯುವುದಿಲ್ಲ. ಹಾಲಿನ ದವಡೆಹಲ್ಲಿನಲ್ಲಿ ತಿರುಳಿನ ಕೋಣೆಯ ತಳ ತೆಳುವಾಗಿದ್ದು ಅದರಲ್ಲಿ ಸಣ್ಣ ಉಪನಾಳಗಳೂ ಇರುವುದರಿಂದ, ಸೋಂಕು ಬೇರಿನ ತುದಿಗಿಂತ ಮೊದಲು ಬೇರುಗಳು ಕವಲೊಡೆಯುವ ಜಾಗದ ಮೂಳೆಯಲ್ಲೇ ಕಪ್ಪಾಗಿ ಕಾಣುವುದುಂಟು. ಅಲ್ಲಿ ಮೂಳೆ ಸವೆದಿದ್ದರೆ, ವಸಡಿನಲ್ಲಿ ಕೀವಿನ ಗುಳ್ಳೆಯಿದ್ದರೆ, ಅಥವಾ ಬೀಳುವ ವಯಸ್ಸಾಗದ ಹಲ್ಲು ಅಲುಗಾಡುತ್ತಿದ್ದರೆ ಕಾಯುವ ಮಾತೇ ಇಲ್ಲ.

ಪಲ್ಪಾಟಮಿ ಮಾಡುವಾಗ, ಒದ್ದೆ ಹತ್ತಿಯನ್ನು ಸುಮಾರು 5 ನಿಮಿಷ ಒತ್ತಿಹಿಡಿದ ಮೇಲೂ ರಕ್ತ ನಿಲ್ಲದಿದ್ದರೆ ಉರಿಯೂತ ಬೇರಿಗೂ ಇಳಿದಿದೆಯೆಂದು ಶಂಕಿಸುತ್ತೇನೆ. ಆದರೂ ಆ ತೀರ್ಪಿಗೆ ಬರುವ ಮುಂಚೆ ಕೋಣೆಯ ಮೂಲೆಗಳನ್ನು ಮತ್ತೊಮ್ಮೆ ಹುಡುಕುತ್ತೇನೆ, ಏಕೆಂದರೆ ಅಲ್ಲಿ ಕತ್ತರಿಸದೆ ಉಳಿದ ತಿರುಳಿನ ಒಂದು ಎಳೆಯೂ ಅಷ್ಟೇ ರಕ್ತ ಸುರಿಸುತ್ತದೆ.