ನೀಸ್‌ನಲ್ಲಿ ತಂಗಿ, ರೈಲಿನಲ್ಲಿ ರಿವಿಯೆರಾ ನೋಡುವ ಬಗೆ

ಫ್ರಾನ್ಸ್‌ನ ಆಗ್ನೇಯ ಮೂಲೆಯಲ್ಲಿ, ಆಲ್ಪ್ಸ್ ಬೆಟ್ಟಗಳು ಮೆಡಿಟರೇನಿಯನ್ ಸಮುದ್ರಕ್ಕೆ ನೇರವಾಗಿ ಇಳಿಯುವ ಕಡೆ, ಕಾನ್, ಆಂಟೀಬ್, ನೀಸ್, ಮೊನಾಕೊ, ಮೆಂಟನ್ ಎಂಬ ಊರುಗಳು ಒಂದರ ಮಗ್ಗುಲಲ್ಲಿ ಒಂದು ಕುಳಿತಿವೆ. ಈ ಹೆಸರುಗಳನ್ನು ಕೇಳಿದೊಡನೆ ವಿಹಾರ ನೌಕೆ, ಕ್ಯಾಸಿನೊ, ಸಿನಿಮಾ ತಾರೆಯರು ಕಣ್ಣ ಮುಂದೆ ಬರುವುದರಿಂದ, ಇದು ನಮ್ಮಂಥವರಿಗಲ್ಲ ಎಂದು ಎಷ್ಟೋ ಜನ ಪ್ಯಾರಿಸ್ ನೋಡಿಕೊಂಡು ಹಾಗೆಯೇ ಹಿಂದಿರುಗುತ್ತಾರೆ. ಆದರೆ ರಿವಿಯೆರಾ ಎಂದು ಕರೆಯುವ ಈ ಕರಾವಳಿಯಲ್ಲಿ ನಿಜಕ್ಕೂ ದುಬಾರಿಯಾದದ್ದು ರಾತ್ರಿಯ ಕೋಣೆಯೇ ಹೊರತು ಹಗಲಿನ ಸಮುದ್ರವಲ್ಲ. ಆದ್ದರಿಂದ ನೀಸ್ ಒಂದರಲ್ಲೇ ಐದಾರು ದಿನ ತಂಗಿ, ಉಳಿದ ಊರುಗಳಿಗೆ ಬೆಳಿಗ್ಗೆ ರೈಲು ಹತ್ತಿ ಸಂಜೆಗೆ ಮರಳುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ವೀಸಾದ ವಿಷಯ. ಫ್ರಾನ್ಸ್‌ಗೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ. ಅರ್ಜಿಯನ್ನು ಬೆಂಗಳೂರಿನಲ್ಲೇ ಸಲ್ಲಿಸಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿರುವುದರಿಂದ ಕೊನೆಯ ಗಳಿಗೆಯವರೆಗೆ ಕಾಯಬಾರದು, ಏಕೆಂದರೆ ಬೇಸಿಗೆಯ ಹೊತ್ತಿಗೆ ಅರ್ಜಿ ಕೊಡಲು ದಿನಾಂಕ ಸಿಗುವುದೇ ಕಷ್ಟ. ವಯಸ್ಕರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಮೊನಾಕೊ ಪ್ರತ್ಯೇಕ ದೇಶವಾದರೂ ಅದಕ್ಕೆ ಬೇರೆ ವೀಸಾ ಬೇಕಿಲ್ಲ. ನೀಸ್‌ನಿಂದ ಹೋಗುವಾಗ ಗಡಿ ದಾಟಿದ್ದು ಗೊತ್ತೂ ಆಗುವುದಿಲ್ಲ.

ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಅರ್ಧ ಯೂರೋಪೇ ಇಲ್ಲಿಗೆ ಇಳಿಯುವುದರಿಂದ ಜೂನ್ ನಡುಭಾಗ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳುವುದು ಒಳ್ಳೆಯದು. ಮೇ ತಿಂಗಳಿನ ಗಾಳಿ ಹಿತವಾಗಿದ್ದರೂ ನಮ್ಮ ಕಡಲಿನ ಬೆಚ್ಚಗಿನ ನೀರಿಗೆ ಒಗ್ಗಿದವರಿಗೆ ಅಲ್ಲಿನ ನೀರು ಕೊರೆಯುತ್ತದೆ. ಸೆಪ್ಟೆಂಬರ್‌ನಲ್ಲಾದರೆ ಇಡೀ ಬೇಸಿಗೆಯ ಬಿಸಿ ನೀರಿನಲ್ಲಿ ಉಳಿದಿರುತ್ತದೆ. ಮೇ ತಿಂಗಳಲ್ಲಿ ನಡೆಯುವ ಕಾನ್ ಚಲನಚಿತ್ರೋತ್ಸವದ ದಿನಗಳಲ್ಲಿ, ಹಾಗೆಯೇ 2026ರಿಂದ ಜೂನ್ ಮೊದಲ ವಾರಕ್ಕೆ ಬಂದಿರುವ ಮೊನಾಕೊ ಕಾರ್ ರೇಸಿನ ದಿನಗಳಲ್ಲಿ ಕೋಣೆಗಳ ಬಾಡಿಗೆ ವಿಪರೀತ ಏರುತ್ತದೆ. ಟಿಕೆಟ್ ಕಾಯ್ದಿರಿಸುವ ಮೊದಲು ಈ ಎರಡು ದಿನಾಂಕಗಳನ್ನು ತಪ್ಪದೆ ನೋಡಿಕೊಳ್ಳಬೇಕು.

ವಿಮಾನ ನಿಲ್ದಾಣ ನೀಸ್ ಊರಿಗೆ ಅಂಟಿಕೊಂಡೇ ಇದೆ. ಟ್ಯಾಕ್ಸಿಯ ಗೊಡವೆ ಬೇಡ. ಎರಡನೇ ಮಾರ್ಗದ ಟ್ರಾಮ್ ನೇರವಾಗಿ ಊರಿನ ನಡುವಿನ ಜಾನ್ ಮೆದ್ಸಾಂ ನಿಲ್ದಾಣಕ್ಕೆ ತಲುಪಿಸುತ್ತದೆ. ಅಲ್ಲಿಂದ ರೈಲು ನಿಲ್ದಾಣಕ್ಕೂ ಕಡಲಿಗೂ ನಡೆದೇ ಹೋಗಬಹುದಾದ್ದರಿಂದ ಆ ಸುತ್ತಲಿನಲ್ಲೇ ಕೋಣೆ ಹಿಡಿಯುವುದು ಜಾಣತನ. ಹಳೆಯ ಪೇಟೆಯ ಮನೆಗಳು ಚಿತ್ರದಲ್ಲಿ ಬಹಳ ಚೆಂದ ಕಾಣುತ್ತವೆ, ಆದರೆ ಹಲವು ಕಟ್ಟಡಗಳಲ್ಲಿ ಲಿಫ್ಟ್ ಇಲ್ಲ. ಕಡಿದಾದ ಮೆಟ್ಟಿಲುಗಳ ಮೇಲೆ ಪೆಟ್ಟಿಗೆ ಹೊರುವುದು ವಯಸ್ಸಾದ ತಂದೆತಾಯಿಯರ ಜೊತೆ ಬಂದವರಿಗೆ ಆಗದ ಮಾತು. ಹೋಟೆಲಿನ ಬಿಲ್ಲಿಗೆ ತಲೆಗೊಂದರಂತೆ, ರಾತ್ರಿಗೊಂದರಂತೆ ಪ್ರವಾಸಿ ತೆರಿಗೆ ಸೇರುತ್ತದೆ ಎಂಬುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಮರವಂತೆಯ, ಗೋಕರ್ಣದ ಮರಳಿನಲ್ಲಿ ಕಾಲಾಡಿಸಿ ಬೆಳೆದವರಿಗೆ ನೀಸ್‌ನ ಕಡಲಂಚು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಇಲ್ಲಿ ಮರಳಿಲ್ಲ. ಬೆಟ್ಟಗಳಿಂದ ನದಿಗಳು ಉರುಳಿಸಿ ತಂದ ಬೂದು ಬಣ್ಣದ ನುಣುಪಾದ ಉರುಟುಗಲ್ಲುಗಳು ಉದ್ದಕ್ಕೂ ಹಾಸಿಕೊಂಡಿದ್ದು, ಅಲೆ ಹಿಂದೆ ಸರಿಯುವಾಗಲೆಲ್ಲ ಗೋಣಿಚೀಲದಿಂದ ಅಡಿಕೆ ಸುರಿದಂಥ ಸದ್ದು ಏಳುತ್ತದೆ. ಬರಿಗಾಲಿನಲ್ಲಿ ನಡೆಯುವುದು ನೋವಿನ ಕೆಲಸವಾದ್ದರಿಂದ ನೀರಿನಲ್ಲಿ ಹಾಕುವ ರಬ್ಬರ್ ಚಪ್ಪಲಿಯನ್ನು ಊರಿನಿಂದಲೇ ಒಯ್ಯಿರಿ. ದಡದಿಂದ ಕೆಲವೇ ಹೆಜ್ಜೆಗಳಲ್ಲಿ ಆಳ ಶುರುವಾಗುವುದರಿಂದ ಈಜು ಬಾರದವರೂ ಮಕ್ಕಳೂ ಅಂಚಿನಲ್ಲೇ ಇರಬೇಕು. ದಡದ ಕೆಲವು ಭಾಗಗಳಲ್ಲಿ ಖಾಸಗಿಯವರು ಬಾಡಿಗೆಗೆ ಕುರ್ಚಿ, ಕೊಡೆ ಹಾಕಿರುತ್ತಾರೆ. ಅವುಗಳ ನಡುವೆಯೇ ಸಾರ್ವಜನಿಕ ದಡಗಳಿವೆ, ಅಲ್ಲಿ ಟವೆಲ್ ಹಾಸಿ ಕೂರಲು ಯಾರೂ ಹಣ ಕೇಳುವುದಿಲ್ಲ. ಮೇಲೆ ಸುಮಾರು ಏಳು ಕಿಲೋಮೀಟರ್ ಉದ್ದದ ಪ್ರೊಮೆನಾಡ್ ದೆಜಾಂಗ್ಲೇ ಎಂಬ ಹಾದಿಯಿದೆ. ಹೆಸರಿನ ಅರ್ಥ ಇಂಗ್ಲಿಷರ ವಿಹಾರಪಥ ಎಂದು. ಚಳಿಗಾಲ ಕಳೆಯಲು ಬರುತ್ತಿದ್ದ ಇಂಗ್ಲಿಷರೇ 1820ರ ದಶಕದಲ್ಲಿ ಹಣ ಕೂಡಿಸಿ ಇದನ್ನು ಮಾಡಿಸಿದರು. ಅಲ್ಲಿನ ನೀಲಿ ಕುರ್ಚಿಗಳಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಸಸ್ಯಾಹಾರಿಗಳಿಗೆ ಊಟದ ಚಿಂತೆ ಇದ್ದೇ ಇರುತ್ತದೆ, ಆದರೆ ನೀಸ್‌ನ ಅತ್ಯಂತ ಸಾಮಾನ್ಯ ಬೀದಿ ತಿಂಡಿಯೇ ನಮ್ಮ ಕಡಲೆಹಿಟ್ಟಿನದು. ಅದರ ಹೆಸರು ಸೋಕಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿದ ತೆಳ್ಳನೆಯ ಹಿಟ್ಟನ್ನು ಬಂಡಿಚಕ್ರದಷ್ಟು ಅಗಲದ ತಾಮ್ರದ ತಟ್ಟೆಗೆ ಹುಯ್ದು ಸೌದೆಯ ಒಲೆಯೊಳಗೆ ತಳ್ಳುತ್ತಾರೆ. ಮೇಲ್ಮೈ ಅಲ್ಲಲ್ಲಿ ಕಪ್ಪಾಗಿ ಉಬ್ಬಿದಾಗ ಹೊರಗೆಳೆದು, ಕತ್ತಿಯಿಂದ ಕೆರೆದು ಚೂರು ಮಾಡಿ, ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಕಾಗದದಲ್ಲಿ ಕೊಡುತ್ತಾರೆ. ಅಂಚು ಗರಿಗರಿ, ನಡುಭಾಗ ಮೆತ್ತಗೆ. ಆರಿದರೆ ರುಚಿಯಿಲ್ಲ, ಆದ್ದರಿಂದ ನಿಂತಲ್ಲೇ ಕೈಯಿಂದ ತಿನ್ನಬೇಕು. ಕುರ್ ಸಲೇಯಾ ಮಾರುಕಟ್ಟೆಗೆ ಬೆಳಿಗ್ಗೆಯೇ ಹೋದರೆ ಹಣ್ಣು, ಆಲಿವ್, ಹೂವು, ಸೋಕಾ ಎಲ್ಲವೂ ಒಂದೇ ಕಡೆ ಸಿಗುತ್ತವೆ, ಆದರೆ ಸೋಮವಾರ ಅಲ್ಲಿ ಇವುಗಳ ಬದಲು ಹಳೆಯ ವಸ್ತುಗಳ ಸಂತೆ ನಡೆಯುತ್ತದೆ. ಈರುಳ್ಳಿ ಹಾಕಿದ ಪಿಸಲಾದಿಯೇರ್ ಎಂಬ ಚಪ್ಪಟೆ ರೊಟ್ಟಿ ನೋಡಲು ಸಸ್ಯಾಹಾರವೆನಿಸಿದರೂ ಅದರಲ್ಲಿ ಆಂಚೊವಿ ಮೀನು ಇರುತ್ತದೆ. ನೀಸ್ ಸಲಾಡಿನಲ್ಲೂ ಅಷ್ಟೇ. ‘ಸಾಂ ವಿಯಾಂದ್, ಸಾಂ ಪ್ವಾಸೋಂ’, ಅಂದರೆ ಮಾಂಸವಿಲ್ಲದೆ, ಮೀನಿಲ್ಲದೆ ಎಂಬ ಮಾತನ್ನು ಬಾಯಿಪಾಠ ಮಾಡಿಕೊಳ್ಳಿ. ಅಂಗಡಿಗೆ ಕಾಲಿಟ್ಟೊಡನೆ ಮೊದಲು ‘ಬೋಂಜೂರ್’ ಎನ್ನದೆ ನೇರವಾಗಿ ಬೆಲೆ ಕೇಳುವುದು ಅಲ್ಲಿ ಒರಟುತನ. ಹೋಟೆಲಿನಲ್ಲಿ ‘ಕರಾಫ್ ದೋ’ ಕೇಳಿದರೆ ನಲ್ಲಿಯ ನೀರನ್ನು ಹಣವಿಲ್ಲದೆ ತಂದಿಡುತ್ತಾರೆ. ಅದು ಕುಡಿಯಲು ಯೋಗ್ಯವಾದ ನೀರು.

ಇನ್ನು ರೈಲು. ಪೂರ್ವಕ್ಕೆ, ಅಂದರೆ ಮೊನಾಕೊ ಕಡೆಗೆ ಹೋಗುವಾಗ ಬಲಬದಿಯ ಕಿಟಕಿ ಹಿಡಿಯಿರಿ. ಒಂದು ಸುರಂಗದಿಂದ ಇನ್ನೊಂದಕ್ಕೆ ನುಗ್ಗುವ ನಡುವೆ ಸಮುದ್ರ ಥಟ್ಟನೆ ತೆರೆದುಕೊಳ್ಳುತ್ತದೆ. ಹತ್ತು ನಿಮಿಷದೊಳಗೆ ಸಿಗುವ ವಿಲ್‌ಫ್ರಾಂಶ್ ನಿಲ್ದಾಣದ ಕೆಳಗೇ ಶಾಂತವಾದ, ಆಳ ಕಡಿಮೆಯಿರುವ ದಡವಿದೆ. ಮಕ್ಕಳಿದ್ದವರು ಸ್ನಾನಕ್ಕೆ ಇಲ್ಲಿಗೇ ಬರಬೇಕು. ಮೊನಾಕೊ ತಲುಪಲು ಅರ್ಧ ಗಂಟೆಯೂ ಬೇಡ. ಅಲ್ಲಿನ ನಿಲ್ದಾಣವನ್ನು ಬಂಡೆಯ ಒಳಗೇ ಕೊರೆದು ಕಟ್ಟಿದ್ದಾರೆ. ಇಡೀ ದೇಶ ಸುಮಾರು ಎರಡು ಚದರ ಕಿಲೋಮೀಟರ್ ಮಾತ್ರ, ಆದರೆ ಬೆಟ್ಟದ ಮೇಲೆ ಅಂತಸ್ತು ಅಂತಸ್ತಾಗಿರುವುದರಿಂದ ನಕ್ಷೆಯಲ್ಲಿ ಹತ್ತಿರ ಕಂಡದ್ದು ನಡೆಯಲು ಕಷ್ಟ. ಬಂಡೆಯೊಳಗಿನ ಸಾರ್ವಜನಿಕ ಲಿಫ್ಟ್‌ಗಳು ಉಚಿತ. ಅವುಗಳನ್ನು ಹುಡುಕಿ ಬಳಸಿದರೆ ಮೊಣಕಾಲು ಉಳಿಯುತ್ತದೆ. ಅರಮನೆಯ ಮುಂದೆ 11:55ಕ್ಕೆ ಕಾವಲು ಬದಲಾವಣೆ ನೋಡಿ, ಬಳಿಕ 1910ರಲ್ಲಿ ತೆರೆದ ಸಾಗರ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಈಜುಡುಗೆಯಲ್ಲಿ, ಬರಿ ಮೈಯಲ್ಲಿ ಬೀದಿ ಸುತ್ತುವುದಕ್ಕೆ ಮೊನಾಕೊದಲ್ಲಿ ನಿಷೇಧವಿದೆ.

ಪಶ್ಚಿಮಕ್ಕೆ ಆಂಟೀಬ್ ಮತ್ತು ಕಾನ್ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು. 1946ರಲ್ಲಿ ಪಿಕಾಸೊ ಚಿತ್ರ ಬರೆದ ಆಂಟೀಬ್‌ನ ಕೋಟೆಯಲ್ಲಿ ಈಗ ಅವರದೇ ಸಂಗ್ರಹಾಲಯವಿದೆ. ನನಗೆ ಕೇಳಿದರೆ ಕಾನ್‌ಗಿಂತ ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕು. ಕಾನ್‌ನಲ್ಲಿ ಉತ್ಸವ ಭವನದ ಮೆಟ್ಟಿಲ ಮುಂದೆ ನಿಂತಾಗ ಕನ್ನಡಿಗರಿಗೆ ಹೆಮ್ಮೆಪಡಲು ಕಾರಣವೊಂದಿದೆ: 2024ರ ಉತ್ಸವದಲ್ಲಿ ಚಲನಚಿತ್ರ ವಿದ್ಯಾರ್ಥಿಗಳಿಗಾಗಿ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರಕ್ಕೆ ಸಂದಿತು. ಇದೇ ಕರಾವಳಿಯ ಇನ್ನೊಂದು ಹೆಸರಾಂತ ಊರಾದ ಸೇಂಟ್ ಟ್ರೋಪೆಗೆ ರೈಲೇ ಇಲ್ಲ, ಹೋಗಿ ಬರುವುದಕ್ಕೇ ದಿನವೆಲ್ಲ ಹಿಡಿಯುವುದರಿಂದ ಅದನ್ನು ಕೈಬಿಟ್ಟರೂ ನಷ್ಟವಿಲ್ಲ.

ಆ ದಿನವನ್ನು ಗಡಿಯ ಪಕ್ಕದ ಮೆಂಟನ್‌ಗೆ ಕೊಡಿ. ನಿಂಬೆ ಮರಗಳಿಗೆ ಹೆಸರಾದ ಈ ಊರಿನಲ್ಲಿ ಫೆಬ್ರವರಿಯಲ್ಲಿ ನಿಂಬೆ ಹಬ್ಬವೇ ನಡೆಯುತ್ತದೆ. ಅದೇ ರೈಲಿನಲ್ಲಿ ಮುಂದುವರಿದರೆ ಇಟಲಿಯ ವೆಂತಿಮಿಲಿಯಾ ಸಿಗುತ್ತದೆ. ಷೆಂಗೆನ್ ವೀಸಾ ಎರಡೂ ದೇಶಗಳಿಗೆ ನಡೆಯುತ್ತದೆ. ಆದರೆ ಮರಳುವಾಗ ಮೆಂಟನ್ ಗರಾವಾಂ ನಿಲ್ದಾಣದಲ್ಲಿ ಫ್ರೆಂಚ್ ಪೊಲೀಸರು ರೈಲು ಹತ್ತಿ ದಾಖಲೆ ಕೇಳುವುದು ಸಾಮಾನ್ಯ, ಹಾಗಾಗಿ ಆ ದಿನ ಪಾಸ್‌ಪೋರ್ಟನ್ನು ಕೋಣೆಯಲ್ಲಿ ಬಿಟ್ಟು ಹೊರಡಬೇಡಿ.