ಭುಜದ ನೋವಿಗೆ ಕಾಲಿಗೆ ಸೂಜಿ

ಅಡಿಕೆ ಸುಲಿಯುವ ಕಾಲ ಬಂತೆಂದರೆ ಶಿರಸಿಯ ನನ್ನ ಕ್ಲಿನಿಕ್ಕಿಗೆ ಬರುವ ನೋವೂ ಬದಲಾಗುತ್ತದೆ. ಮಳೆಗಾಲದಲ್ಲಿ ಮಂಡಿ ನೋವಿನವರು ಜಾಸ್ತಿ. ಸುಗ್ಗಿಯಲ್ಲಿ ಭುಜ, ಕುತ್ತಿಗೆ, ಸೊಂಟ. ದಿನವಿಡೀ ಮೆಟ್ಟುಗತ್ತಿ ಮುಂದೆ ಬಗ್ಗಿ ಕೂತರೆ ಇನ್ನೇನಾಗಬೇಕು?

ನಾನು ಓದಿದ್ದು ಪ್ರಕೃತಿ ಚಿಕಿತ್ಸೆ, ಅಕ್ಯುಪಂಕ್ಚರ್, ಅಂದರೆ ಚೀನೀ ಸೂಜಿ ಚಿಕಿತ್ಸೆ, ಕಲಿತದ್ದೂ ಅಲ್ಲೇ. ಬಂದವರಿಗೆ ತಕ್ಷಣ ಸೂಜಿ ಹಾಕುವುದಿಲ್ಲ. ನಿದ್ದೆ, ಹಸಿವು, ಬೆವರು, ಮಲ, ಮೂತ್ರ ಎಲ್ಲ ಕೇಳುತ್ತೇನೆ. ಚೀನೀ ವೈದ್ಯದಲ್ಲಿ ಭುಜದ ಲೆಕ್ಕ, ಹೊಟ್ಟೆಯ ಲೆಕ್ಕ ಅಂತ ಬೇರೆ ಬೇರೆ ಇಲ್ಲ. ಆಮೇಲೆ ಎರಡೂ ಕೈಗೆ ಮೂರು ಬೆರಳಿಟ್ಟು ನಾಡಿ ನೋಡುತ್ತೇನೆ. ಕೊನೆಗೆ ನಾಲಿಗೆ. ಅಂಚಿನಲ್ಲಿ ಹಲ್ಲಿನ ಗುರುತು, ಮೇಲೆ ದಪ್ಪ ಬಿಳಿ ಪದರ ಇದ್ದರೆ ಜೀರ್ಣಶಕ್ತಿ ಕುಂದಿದೆ, ಮೈಯಲ್ಲಿ ತೇವ ಕೂತಿದೆ ಅನ್ನುತ್ತದೆ ಆ ಶಾಸ್ತ್ರ. ನಮ್ಮೂರಲ್ಲಿ ಇದಕ್ಕೊಂದು ತೊಡಕಿದೆ, ಕವಳ, ಅಂದರೆ ಎಲೆ-ಅಡಿಕೆ. ಕೆಂಪಡರಿದ ನಾಲಿಗೆಯಲ್ಲಿ ಏನು ನೋಡೋದು? ಕವಳ ಹಾಕದೇ ಬನ್ನಿ ಅಂತ ಫೋನಿನಲ್ಲೇ ಹೇಳುತ್ತೇನೆ. ಕೇಳುವವರು ಕಮ್ಮಿ.

ಕಳೆದ ಸುಗ್ಗಿಯಲ್ಲಿ ಒಬ್ಬ ಅಮ್ಮ ಬಂದಿದ್ದರು. ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ, ಜಡೆ ಹಾಕಿಕೊಳ್ಳಲು ಸೊಸೆಯೇ ಬೇಕು. ರಾತ್ರಿ ಎಷ್ಟು ಸಲ ಏಳ್ತೀರಿ ಅಂತ ಕೇಳಿದೆ. "ಮೂರ್ನಾಲ್ಕು ಸಲ, ವಯಸ್ಸಾತಲ" ಅಂದರು. ಬಾಯಾರಿಕೆಯೂ ಇತ್ತು. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಹೀಗೆ ಬಿಗಿಯುವುದು ಜಾಸ್ತಿ. ಹಾಗಾಗಿ ಮೊದಲು ಲ್ಯಾಬಿಗೆ ಚೀಟಿ ಬರೆದೆ. ಸಕ್ಕರೆ ಏರಿಯೇ ಇತ್ತು. ಅದಕ್ಕೆ ಅವರ ಫಿಸಿಶಿಯನ್ ಮಾತ್ರೆ ಕೊಟ್ಟರು, ಸೂಜಿಯ ಕೆಲಸ ಅದಲ್ಲ.

ಭುಜಕ್ಕೆ ನಾನು ಆರಿಸಿದ್ದು ತಿಯಾವ್‌ಕೌ ಬಿಂದು. ಅದಿರುವುದು ಕಾಲಲ್ಲಿ! ಮಂಡಿಗೂ ಹರಡಿಗೂ ನಡುವೆ, ಕೆಳಗಾಲಿನ ಮುಂದಿನ ಎಲುಬಿನ ಏಣಿನಿಂದ ಒಂದು ಬೆರಳು ಹೊರಗೆ. "ನೋವು ಮೇಲೆ, ಸೂಜಿ ಕೆಳಗನಾ ಡಾಕ್ಟ್ರೇ?" ಅಂತ ನಕ್ಕರು. ಕಾಲು ಮಿಲಿಮೀಟರ್ ದಪ್ಪದ ಸೂಜಿ, ಒಳಗೆ ಹೋದದ್ದು ಗೊತ್ತಾಗಲಿಲ್ಲ. ಮೆಲ್ಲಗೆ ತಿರುಗಿಸಿದಾಗ ಜೋಮು ಹಿಡಿದ ಹಾಗೆ ಪಾದದ ಕಡೆ ಇಳಿಯಿತಂತೆ. ಅದನ್ನೇ ದೆಚಿ ಅನ್ನುತ್ತಾರೆ. ಸೂಜಿ ತಿರುಗಿಸುತ್ತಲೇ ಕೈ ಎತ್ತಲು ಹೇಳಿದೆ. ಮೊದಲಿಗಿಂತ ಒಂದು ಗೇಣು ಮೇಲೆ ಹೋಯಿತು.

ಅಲ್ಲಿಗೆ ಗುಣವಾಯಿತು ಅಂತಲ್ಲ. ಬಿಗಿದ ಭುಜ ಸಡಿಲಾಗಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ನೋವು ಇಳಿದ ಆ ಹೊತ್ತಲ್ಲಿ ವ್ಯಾಯಾಮ ಮಾಡಿಸಬೇಕು, ನನಗೆ ಸೂಜಿಯ ಉಪಯೋಗ ಕಾಣುವುದು ಅಲ್ಲೇ. ದಿನಾ ಗೋಡೆ ಮೇಲೆ ಬೆರಳು ಹತ್ತಿಸಲು ಹೇಳಿ ಕಳಿಸಿದೆ. ನಿಜವಾದ ಚಿಕಿತ್ಸೆಯಂತೆ ತೋರುವ ಸುಳ್ಳು ಸೂಜಿ ಹಾಕಿ ಹೋಲಿಸಿದ ಅಧ್ಯಯನಗಳಲ್ಲಿ ಹಳೇ ನೋವಿಗೆ ನಿಜವಾದ ಸೂಜಿ ತುಸು ಮುಂದಿದೆ, ಅಷ್ಟೇ. ಇದನ್ನು ಬಂದವರಿಗೂ ಹೇಳುತ್ತೇನೆ.

ಮಳೆಗಾಲದ ಮಂಡಿ ನೋವಿಗೆ ಮೊಕ್ಸಾ ಎಂಬ ಒಣ ಎಲೆ ಉರಿಸಿ ಶಾಖ ಕೊಡುತ್ತೇನೆ. ಅದು ನಮ್ಮ ಮಾಚಿಪತ್ರೆಯ ಕುಲದ್ದೇ ಗಿಡ. ಹೊಗೆ ಮಾತ್ರ ವಿಪರೀತ, ಕಿಟಕಿ ತೆರೆದಿಡಲೇಬೇಕು.

ನೀವು ಎಲ್ಲೇ ಹೋದರೂ ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಲಿ, ಒಮ್ಮೆ ಬಳಸಿದ್ದು ಕಸಕ್ಕೆ ಹೋಗಲಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ, ಬಸುರಿಯಾಗಿದ್ದರೆ ಮೊದಲೇ ಹೇಳಿ. ಹೆಬ್ಬೆರಳು ತೋರುಬೆರಳ ನಡುವಿನ ಹೆಗು ಬಿಂದುವನ್ನು ಬಸುರಿಯರಲ್ಲಿ ನಾನು ಮುಟ್ಟುವುದೇ ಇಲ್ಲ. ಬೆನ್ನಿನ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚುವವರ ಹತ್ತಿರ ಸುಮ್ನೆ ಕೂರಬೇಡಿ, ಕೆಳಗೇ ಶ್ವಾಸಕೋಶ ಇದೆ.