ಮರುಬೆಳಗಿನ ಹೊಟ್ಟೆಗೆ ಗೆಹುವಾ ಕಷಾಯ

ಇಳಕಲ್ಲಿನ ಕೆಂಪು ಗ್ರಾನೈಟ್ ಮಾರಲೆಂದು ಚೀನಾದ ಷಿಯಾಮೆನ್ ಸೇರಿದ ಮೇಲೆ ತಿಳಿಯಿತು, ಇಲ್ಲಿ ಕಲ್ಲಿನ ದರ ಕುದುರುವುದು ಊಟದ ಮೇಜಿನಲ್ಲಿ, ಬೈಜಿಯು ಕುಡಿಯುತ್ತಾ. ಬೈಜಿಯು ಅಂದರೆ ನಾವು ರೊಟ್ಟಿ ತಟ್ಟುವ ಅದೇ ಜೋಳದಿಂದ ಇಳಿಸಿದ ಮದ್ಯ. ನಾವು ಕುಡಿಯುತ್ತಿದ್ದುದರಲ್ಲಿ ಆಲ್ಕೋಹಾಲ್ 52 ಪ್ರತಿಶತ. ಬಟ್ಟಲು ಹೆಬ್ಬೆರಳಷ್ಟೇ, ಆದರೆ 'ಗಾನ್‌ಬೇ' ಅಂದರೆ ಒಂದೇ ಗುಟುಕಿಗೆ ಬರಿದಾಗಬೇಕು.

ಮರುದಿನ ನನ್ನನ್ನು ಕಾಡುತ್ತಿದ್ದುದು ತಲೆನೋವಿಗಿಂತ ಹೊಟ್ಟೆ. ಉಬ್ಬರ, ಹುಳಿತೇಗು, ಮಧ್ಯಾಹ್ನದ ತನಕ ಓಕರಿಕೆ. ನೋವಿನ ಮಾತ್ರೆ ನುಂಗಿದರೆ ಇನ್ನಷ್ಟು ಉರಿ. ಕೊನೆಗೆ ಒಬ್ಬ ಚೀನೀ ವೈದ್ಯರ ಬಳಿ ಹೋದೆ. ಅವರು ನಾಡಿಗಿಂತ ಹೆಚ್ಚು ಹೊತ್ತು ನನ್ನ ನಾಲಿಗೆ ನೋಡಿದರು. ಮೇಲೆ ದಪ್ಪ ಬಿಳಿ ಲೇಪ, ಜಿಡ್ಡು. 'ಹೊಟ್ಟೆಯಲ್ಲಿ ಒದ್ದೆ ಕಟ್ಟಿದೆ' ಎಂದು ಒಂದು ಹಳೆಯ ಸೂತ್ರದ ಹೆಸರು ಬರೆದುಕೊಟ್ಟರು: ಗೆಹುವಾ ಜಿಯೆಚೆಂಗ್. ಕುಡಿದ ಮರುದಿನದ ಕಾಯಿಲೆಗೆಂದೇ ಚೀನೀ ಭಾಷೆಯಲ್ಲಿ 'ಚೆಂಗ್' ಎಂಬ ಒಂದಕ್ಷರದ ಪದವಿದೆ. ಜಿಯೆ ಅಂದರೆ ಅದನ್ನು ಬಿಡಿಸುವುದು.

ಸೂತ್ರ ಲಿ ದೊಂಗ್‌ಯುವಾನ್ ಅವರದು (1180–1251). ಜೀರ್ಣಶಕ್ತಿಯೇ ಆರೋಗ್ಯದ ಬುಡ ಎಂದು ನಂಬಿದ ವೈದ್ಯ ಅವರು. ಮದ್ಯದ ತೊಂದರೆಗೆ ಭೇದಿ ಮಾಡಿಸುವುದನ್ನು ಅವರು ಒಪ್ಪಲಿಲ್ಲ. ಸ್ವಲ್ಪ ಬೆವರು ಬರಲಿ, ಮೂತ್ರ ಸಲೀಸಾಗಲಿ, ಅಷ್ಟು ಸಾಕು ಎಂದರು. ಮೂಲ ಸೂತ್ರದಲ್ಲಿ ಹದಿಮೂರು ದ್ರವ್ಯಗಳ ಪುಡಿ ಇದೆ. ನನ್ನ ನಾಲಿಗೆಗೆ ತಕ್ಕಂತೆ ವೈದ್ಯರು ಕಡಿಮೆ ಮಾಡಿ, ಬದಲಿಸಿ ಕೊಟ್ಟದ್ದನ್ನೇ ಮನೆಯಲ್ಲಿ ಕಾಯಿಸುತ್ತೇನೆ.

ಗೆಹುವಾ, ಅಂದರೆ ಕುಡ್ಜು ಬಳ್ಳಿಯ ಒಣ ಮೊಗ್ಗು, 10 ಗ್ರಾಂ. ಜಿಜೂಜಿ 12 ಗ್ರಾಂ. ಹುರುಳಿಗಿಂತ ಚಿಕ್ಕದಾದ, ಮಿರುಗುವ ಕೆಂಗಂದು ಬೀಜವಿದು, ಜಜ್ಜದಿದ್ದರೆ ಸಾರ ಬಿಡದು. (ಮನೆ ರಿಪೇರಿ ಮಾಡುವಾಗ ಈ ಮರದ ಚಕ್ಕೆ ಗಡಿಗೆಗೆ ಬಿದ್ದು ಮದ್ಯವೆಲ್ಲ ನೀರಾಯಿತು ಎಂಬ ಕಥೆ ಹಳೆಯ ಚೀನೀ ಗ್ರಂಥಗಳಲ್ಲಿದೆ.) ಚೆನ್‌ಪಿ 6 ಗ್ರಾಂ. ಇದು ವರ್ಷಗಟ್ಟಲೆ ಹಳೆಯದಾದ ಕಿತ್ತಳೆ ಜಾತಿಯ ಸಿಪ್ಪೆ. ಗ್ವಾಂಗ್‌ದೊಂಗ್ ಪ್ರಾಂತ್ಯದ ಷಿನ್‌ಹುಯಿಯದಕ್ಕೆ ಬೆಲೆ ಹೆಚ್ಚು, ಆ ಬೆಲೆಗೆ ತಕ್ಕ ಘಮವೂ ಇದೆ. ಒಣಶುಂಠಿ 3 ಗ್ರಾಂ. ಕೊನೆಗೆ ಷಾರೆನ್ 4 ಗ್ರಾಂ. ಇದು ಏಲಕ್ಕಿಯ ಬಳಗದ ಕಾಯಿ, ಮೂಸಿದರೆ ಏಲಕ್ಕಿಗೆ ಕರ್ಪೂರ ಬೆರೆಸಿದಂತೆ. ಮೊದಲ ಸಲ ಡಬ್ಬಿ ತೆರೆದಾಗ ನನಗೆ ಅಮ್ಮನ ಅಡುಗೆಮನೆ ನೆನಪಾಗಿ ಸುಮ್ಮನೆ ನಿಂತುಬಿಟ್ಟೆ.

ಮಣ್ಣಿನ ಪಾತ್ರೆಯೇ ಬೇಕು, ಕಬ್ಬಿಣ ಬೇಡ. ಷಾರೆನ್ ಬಿಟ್ಟು ಉಳಿದುದನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಹಾಕಿ, ಒಂದು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಇಡುತ್ತೇನೆ. ಷಾರೆನ್ ಕಡೆಯ ಐದು ನಿಮಿಷಕ್ಕೆ. ಮೊದಲೇ ಹಾಕಿದರೆ ಅದರ ಎಣ್ಣೆ ಆವಿಯಾಗಿ ಹೋಗುತ್ತದೆ. ಬಿಸಿಯಿರುವಾಗಲೇ ಗುಟುಕರಿಸುತ್ತೇನೆ. ಹಣೆಯಲ್ಲಿ ತೆಳ್ಳಗೆ ಬೆವರೊಡೆದರೆ ತೇಗು ಸಡಿಲವಾಗುತ್ತದೆ. ತಲೆಭಾರಕ್ಕೆ ಮಾತ್ರ ಇದರಿಂದ ನನಗೆ ಹೆಚ್ಚೇನೂ ಆಗಿಲ್ಲ. ಅದಕ್ಕೆ ನೀರು ಮತ್ತು ನಿದ್ದೆಯೇ ಗತಿ. ನಾಲಿಗೆ ಹಳದಿಗಟ್ಟಿ ಬಾಯಿ ಒಣಗಿದ ದಿನ ಶುಂಠಿ ಬಿಡುತ್ತೇನೆ.

ಒಮ್ಮೆ ನಾನು ಹೂವಿನ ಬದಲು ಬೇರು ತಂದುಬಿಟ್ಟೆ. ಗೆಗೆನ್ ಅಂದರೆ ಬೇರು, ಬಿಳಿ ನಾರಿನ ತುಂಡುಗಳು. ಔತಣಕ್ಕೆ ಮುಂಚೆ ಅದನ್ನೇ ಕಾಯಿಸಿ ಕುಡಿದು ಹೋದೆ. ಮೂರನೇ ಬಟ್ಟಲಿಗೇ ಮುಖ ಕಾದು ಎದೆ ಡವಡವ. ಬೇರೊಂದೇ ಕಾರಣ ಎನ್ನಲಾರೆ, ಆದರೆ ಓದಿ ನೋಡಿದಾಗ ಹೆದರಿಕೆಯಾಯಿತು. ಬೇರಿನಲ್ಲಿರುವ ಡೈಡ್ಜಿನ್, ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಕರಗಿಸುವ ಕಿಣ್ವವನ್ನೇ ತಡೆಯುತ್ತದೆಂದು ಹಾರ್ವರ್ಡ್‌ನ ಸಂಶೋಧಕರು 1993ರಲ್ಲಿ ತೋರಿಸಿದ್ದಾರೆ. ಪೂರ್ವ ಏಷ್ಯಾದ ಅನೇಕರಲ್ಲಿ ಆ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಒಂದೇ ಬಟ್ಟಲಿಗೆ ನನ್ನ ಗಿರಾಕಿಗಳ ಮುಖ ಕೆಂಪೇರುವುದು ಅದಕ್ಕೇ. ಅಂದಿನಿಂದ ಬೇರನ್ನು ಕುಡಿತದ ಹತ್ತಿರವೂ ತರುವುದಿಲ್ಲ. ಔತಣಕ್ಕೆ ಮುಂಚೆ ಕಷಾಯ ಕುಡಿದು ಹೋಗುವ ಅಭ್ಯಾಸವನ್ನೂ ಬಿಟ್ಟೆ.

ಅನಿವಾರ್ಯವಾದಾಗ ಬಳಸುವ ಮದ್ದಿದು, ಇದನ್ನು ನಂಬಿಕೊಂಡು ದಿನವೂ ಮದ್ಯ ಕುಡಿಯಬಾರದು ಎಂದು ಲಿ ಅವರೇ ಬರೆದಿದ್ದಾರೆ. ನಾನು ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ಕಾಯಿಸುವುದಿಲ್ಲ. ವಾಂತಿಯಲ್ಲಿ ರಕ್ತ, ಕಪ್ಪು ಮಲ, ಹಳದಿ ಕಣ್ಣು ಕಂಡರೆ ಮಡಕೆ ಒಲೆಗೇರಿಸದೆ ನೇರ ಆಸ್ಪತ್ರೆಗೆ ಹೋಗಬೇಕು.

ಕಷಾಯವಾಗಿ ಒಂದು ಗಂಟೆಗೆ ತೆಳ್ಳನೆಯ ಅಕ್ಕಿಗಂಜಿ, ಜತೆಗೆ ಚೂರು ಉಪ್ಪು. ಸಂಜೆಯವರೆಗೆ ಬೇರೇನೂ ತಿನ್ನುವುದಿಲ್ಲ.